ಮಗುವಿಗೆ ಸಂಗೀತ: ಗ್ರೂಪ್ ಕ್ಲಾಸಾ, ಪ್ರತ್ಯೇಕ ಪಾಠವಾ?

ಮೊದಲು ಒಂದು ಸಣ್ಣ ಲೆಕ್ಕ. 45 ನಿಮಿಷದ ಗ್ರೂಪ್ ಕ್ಲಾಸು, 8 ಮಕ್ಕಳು. ಎಲ್ಲರೂ ಬಂದು ಕೂತು, ಶ್ರುತಿ ಹೊಂದಿಸಿ, ಹೋದ ವಾರ ಎಲ್ಲಿಗೆ ನಿಲ್ಲಿಸಿದ್ದೆವು ಅಂತ ನೆನಪಿಸಿಕೊಳ್ಳುವಷ್ಟರಲ್ಲಿ 5 ನಿಮಿಷ ಹೋಗಿರುತ್ತದೆ. ಉಳಿದ 40 ನಿಮಿಷವನ್ನು ಮೇಷ್ಟ್ರು ಎಲ್ಲರಿಗೂ ಸಮನಾಗಿ ಹಂಚಿದರೂ ನಿಮ್ಮ ಮಗುವಿನ ಪಾಲಿಗೆ ಬರುವುದು 5 ನಿಮಿಷ. ಪ್ರತ್ಯೇಕ ಪಾಠ ಬರೀ ಅರ್ಧ ಗಂಟೆಯದ್ದಾದರೂ ಆ 30 ನಿಮಿಷವೂ ಮಗುವಿನದೇ. ಗ್ರೂಪ್ ಕ್ಲಾಸಿನ ಫೀಸು ಪ್ರತ್ಯೇಕ ಪಾಠದ ಮೂರನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಸಿಗುವ ಸಮಯ ಮಾತ್ರ ಆರನೇ ಒಂದು ಭಾಗ. ಅಗ್ಗ ಅಂದುಕೊಂಡದ್ದು ನಿಮಿಷದ ಲೆಕ್ಕದಲ್ಲಿ ಎರಡು ಪಟ್ಟು ದುಬಾರಿ ಆಯಿತು, ಅಲ್ವಾ?

ಆದರೆ ಈ ಲೆಕ್ಕ ಪೂರ್ತಿ ನಿಜವಲ್ಲ. ಉಳಿದ 35 ನಿಮಿಷ ಮಗು ಏನು ಮಾಡುತ್ತಿರುತ್ತದೆ ಅನ್ನುವುದನ್ನೂ ನೋಡಬೇಕು. ಪಕ್ಕದ ಹುಡುಗಿ ಗಾಂಧಾರವನ್ನು (ಸರಿಗಮದ ‘ಗ’) ತುಸು ಕೆಳಗೆ ಹಿಡಿದಳು, ಮೇಷ್ಟ್ರು ತಿದ್ದಿದರು, ಅವಳು ಸರಿಯಾಗಿ ಹಾಡಿದಳು. ಇದನ್ನು ಕೂತು ಕೇಳಿದ ಮಗುವಿಗೂ ಪಾಠ ಆಯಿತು. ಹಾಡುವಾಗ ಮಗುವಿನ ಗಮನವೆಲ್ಲ ಹಾಡುವುದರಲ್ಲೇ ಇರುತ್ತದೆ, ಹಾಗಾಗಿ ತನ್ನ ತಪ್ಪಿಗಿಂತ ಇನ್ನೊಬ್ಬರ ತಪ್ಪು ಬೇಗ ಕೇಳಿಸುತ್ತದೆ. ಅದೇ ಮಗು ತನ್ನ ಸರದಿ ಬರುವವರೆಗೆ ಸುಮ್ನೆ ಗೋಡೆ ನೋಡುತ್ತಾ ಕೂತಿದ್ದರೆ ಆ 35 ನಿಮಿಷ ದಂಡ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ ಅಂತ ನನಗನ್ನಿಸುತ್ತದೆ. ಮಗು ತಪ್ಪಿದಾಗ ಅದು ಯಾರ ಕಿವಿಗಾದರೂ ಬೀಳುತ್ತದಾ? ಮುಂದಿನ ವಾರವೂ ಹೋಗಬೇಕು ಅಂತ ಮಗುವಿಗೆ ಅನ್ನಿಸುತ್ತದಾ? ಮೊದಲನೆಯದನ್ನು ಪ್ರತ್ಯೇಕ ಪಾಠ ಚೆನ್ನಾಗಿ ನೋಡಿಕೊಳ್ಳುತ್ತದೆ, ಎರಡನೆಯದನ್ನು ಗುಂಪು. ನಿಮ್ಮ ಮಗುವಿಗೆ ಈಗ ಯಾವುದು ಕಮ್ಮಿ ಇದೆಯೋ ಅದು ಸಿಗುವ ಕಡೆ ಸೇರಿಸಿ. ಆರು ತಿಂಗಳಾದ ಮೇಲೆ ಕಮ್ಮಿ ಬೀಳುವುದು ಬೇರೆಯೇ ಆಗಿರಬಹುದು. ಆಗ ಬದಲಿಸಿದರಾಯಿತು.

ವಾದ್ಯ ಯಾವುದು?

ಮಗುವಿನ ಸ್ವಭಾವ ಹೇಗೆ, ವಯಸ್ಸೆಷ್ಟು ಅಂತ ಸಾಮಾನ್ಯವಾಗಿ ಮೊದಲು ಕೇಳುತ್ತಾರೆ. ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ವಾದ್ಯ.

ಪಿಟೀಲು ತಗೊಳ್ಳಿ. ವೀಣೆಗೆ ಇರುವ ಹಾಗೆ ಇದಕ್ಕೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ. ಬೆರಳು ಸ್ವಲ್ಪ ಆಚೀಚೆ ಆದರೂ ಸ್ವರ ತಪ್ಪುತ್ತದೆ. ಜೊತೆಗೆ ಕಮಾನು ಹಿಡಿಯುವ ರೀತಿ, ಭುಜ, ಮಣಿಕಟ್ಟು, ಕತ್ತು ಎಲ್ಲವನ್ನೂ ನೋಡಬೇಕು. ಮೊದಲ ಕೆಲವು ತಿಂಗಳಲ್ಲಿ ಇವು ಸೊಟ್ಟಗೆ ರೂಢಿಯಾಗಿಬಿಟ್ಟರೆ ಆಮೇಲೆ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಸೇರಿಸುವಾಗ ಯಾರಿಗೂ ಹೊಳೆಯದ ಇನ್ನೊಂದು ಸಂಗತಿ ಇದೆ. 8 ಮಕ್ಕಳ ಪಿಟೀಲು ಕ್ಲಾಸಿನಲ್ಲಿ ಶ್ರುತಿ ಮಾಡಬೇಕಾದ ತಂತಿಗಳು 32. ಚಿಕ್ಕ ಮಕ್ಕಳು ತಾವೇ ಮಾಡಿಕೊಳ್ಳಲಾರರು. ಮೇಷ್ಟ್ರು ಬಿರಡೆ ತಿರುಗಿಸುತ್ತಾ ಒಬ್ಬೊಬ್ಬರ ಹತ್ತಿರ ಹೋಗಿ ಬರುವಷ್ಟರಲ್ಲಿ ಕ್ಲಾಸಿನ ಒಂದು ಪಾಲು ಮುಗಿದಿರುತ್ತದೆ. ಮಕ್ಕಳ ಪಿಟೀಲು 1/16, 1/8, 1/4, 1/2, 3/4 ಹೀಗೆ ಕೈಯ ಉದ್ದಕ್ಕೆ ತಕ್ಕ ಅಳತೆಯಲ್ಲಿ ಬರುತ್ತದೆ. ಒಂದೇ ಕ್ಲಾಸಿನಲ್ಲಿ ಮೂರು ಅಳತೆಯ ಪಿಟೀಲುಗಳಿದ್ದರೆ ಪಕ್ಕದವನ ಬೆರಳು ನೋಡಿ ತನ್ನ ಬೆರಳಿಡುವುದೂ ಆಗುವುದಿಲ್ಲ. ಮಗು ಬೆಳೆದು ಅಳತೆ ಬದಲಾದಾಗ ಬೆರಳುಗಳ ನಡುವಿನ ದೂರವೂ ಬದಲಾಗುತ್ತದೆ. ಆ ವಾರಗಳಲ್ಲಂತೂ ಯಾರಾದರೂ ಪಕ್ಕದಲ್ಲೇ ಕೂತು ನೋಡಬೇಕು. ಪಿಟೀಲಿಗೆ ಮೊದಲ ವರ್ಷ ಪ್ರತ್ಯೇಕ ಪಾಠವೇ ಸರಿ. ಅಷ್ಟು ಫೀಸು ಕೊಡಲು ಆಗದಿದ್ದರೆ ಇಬ್ಬರು ಮೂವರಿಗಿಂತ ಜಾಸ್ತಿ ಮಕ್ಕಳಿಲ್ಲದ ಕ್ಲಾಸು ಹುಡುಕಿ.

ಇಲ್ಲಿ ಜಪಾನಿನ ಶಿನಿಚಿ ಸುಜುಕಿ (1898–1998) ಅವರ ಮಾತು ಬರಲೇಬೇಕು. ಪುಟ್ಟ ಮಕ್ಕಳಿಗೆ ಪಿಟೀಲು ಕಲಿಸುವ ಅವರ ಕ್ರಮ ಜಗತ್ತಿನ ತುಂಬ ಹಬ್ಬಿದೆ. ದೊಡ್ಡ ಸಭಾಂಗಣದಲ್ಲಿ ರಾಶಿ ಮಕ್ಕಳು ಒಟ್ಟಿಗೆ ನುಡಿಸುವ ಚಿತ್ರ ನೋಡಿ, ಅದು ಗುಂಪಿನಲ್ಲಿ ಕಲಿಸುವ ಕ್ರಮ ಅಂತ ಎಷ್ಟೋ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಅಲ್ಲಿ ಹೊಸ ಪಾಠ ನಡೆಯುವುದು ಒಬ್ಬೊಬ್ಬರಿಗೇ, ಅದೂ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತಿರುವಾಗ. ಗುಂಪು ಸೇರುವುದು ಕಲಿತದ್ದನ್ನು ಜೊತೆಯಾಗಿ ನುಡಿಸುವುದಕ್ಕೆ. ಎರಡೂ ಬೇಕು, ಆದರೆ ಎರಡರ ಕೆಲಸ ಬೇರೆ ಬೇರೆ.

ಕೊಳಲಿನಲ್ಲಿ ಮೊದಲ ತೊಡಕು ನಾದ ಹೊರಡುವುದೇ. ತುಟಿ ಎಲ್ಲಿಡಬೇಕು, ಗಾಳಿ ಯಾವ ಓರೆಯಲ್ಲಿ ಹೋಗಬೇಕು ಅನ್ನುವುದನ್ನು ಪ್ರತಿ ಮಗುವಿಗೂ ಅದರ ಬಾಯಿ ನೋಡಿಯೇ ಹೇಳಬೇಕು. ಮೊದಲ ಒಂದೆರಡು ತಿಂಗಳು ಪ್ರತ್ಯೇಕವಾಗಿ ಕಲಿತು, ನಾದ ಬಂದ ಮೇಲೆ ಗುಂಪಿಗೆ ಹೋದರೆ ಏನೂ ತೊಂದರೆಯಿಲ್ಲ.

ಕೀಬೋರ್ಡಿನ ಕಥೆ ಬೇರೆ. ಕೀ ಒತ್ತಿದರೆ ಸ್ವರ ಸಿದ್ಧವಾಗಿ ಬರುತ್ತದೆ, ಶ್ರುತಿ ಮಾಡುವ ಗೋಜಿಲ್ಲ. ಎಲ್ಲರಿಗೂ ಹೆಡ್‌ಫೋನ್ ಕೊಟ್ಟು, ಒಬ್ಬೊಬ್ಬರದನ್ನೇ ಮೇಷ್ಟ್ರು ಕೇಳುವ ವ್ಯವಸ್ಥೆ ಕೆಲವು ಕಡೆ ಇರುತ್ತದೆ. ಮೊದಲ ವರ್ಷಕ್ಕೆ ಗ್ರೂಪ್ ಧಾರಾಳವಾಗಿ ಸಾಕು. ಎರಡು ಕೈಗಳು ಬೇರೆ ಬೇರೆ ಕೆಲಸ ಮಾಡುವ ಹಂತ ಬಂದಾಗ ಮಕ್ಕಳ ವೇಗದಲ್ಲಿ ದೊಡ್ಡ ಅಂತರ ಬೀಳುತ್ತದೆ. ಪ್ರತ್ಯೇಕ ಪಾಠದ ಯೋಚನೆ ಆಗ ಮಾಡಿ. ಗಿಟಾರ್ ಕೂಡ ಗುಂಪಿಗೆ ಒಗ್ಗುತ್ತದೆ. ತಂತಿ ಒತ್ತಿ ಬೆರಳ ತುದಿ ನೋಯುವ ಮೊದಲ ವಾರಗಳಲ್ಲಿ, ಎಲ್ಲರಿಗೂ ನೋಯುತ್ತಿದೆ ಅಂತ ಗೊತ್ತಾಗುವುದೇ ಮಗುವಿಗೆ ಒಂದು ಧೈರ್ಯ.

ಮೃದಂಗ, ತಬಲಾದಲ್ಲಿ ಅರ್ಧ ಅರ್ಧ. ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಸೊಲ್ಲು (ತಕಧಿಮಿಯಂಥ ಪೆಟ್ಟಿನ ಅಕ್ಷರಗಳು) ಹೇಳುವ ಭಾಗಕ್ಕೆ ಗುಂಪಿಗಿಂತ ಒಳ್ಳೆಯ ಜಾಗವಿಲ್ಲ. ಆದರೆ ಬೆರಳು ಎಲ್ಲಿ ಬಿತ್ತು, ನಾದ ತೆರೆದು ಬಂತೋ ಮುಚ್ಚಿ ಬಂತೋ ಅನ್ನುವುದು 6 ಮೃದಂಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಹಾಡುಗಾರಿಕೆಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜನ ಯೋಚಿಸದೇ ಗುಂಪಿಗೆ ಸೇರಿಸುವುದು ಇದಕ್ಕೇ. ಸರಳೆ, ಜಂಟಿ, ಅಲಂಕಾರ ಅನ್ನುವ ಆರಂಭದ ಸ್ವರಪಾಠಗಳನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹೇಳುವುದಕ್ಕೆ ಗುಂಪು ಬಹಳ ಒಳ್ಳೆಯದು. ಒಂದೇ ಸಾಲನ್ನು ಹತ್ತು ಸಲ ಹೇಳಿದರೂ ಬೇಜಾರು ಬರುವುದಿಲ್ಲ, ತಾಳ ತಪ್ಪಿದರೆ ಪಕ್ಕದವರ ಕೈ ನೋಡಿ ಸೇರಿಕೊಳ್ಳಬಹುದು. ತೊಂದರೆ ಇರುವುದೂ ಅಲ್ಲೇ. ಶ್ರುತಿ ಸೇರದ ಮಗು ಉಳಿದವರ ದನಿಯ ಮೇಲೆ ತೇಲಿಕೊಂಡು ಹೋಗುತ್ತದೆ. ಕ್ಲಾಸಿನಲ್ಲಿ ಚೆನ್ನಾಗಿ ಹಾಡಿದಂತೆ ಕೇಳಿಸುತ್ತದೆ, ಒಬ್ಬರೇ ಹಾಡಿದಾಗ ಷಡ್ಜದಲ್ಲಿ, ಅಂದರೆ ಮೊದಲ ಸ್ವರ ‘ಸ’ದಲ್ಲಿ, ನಿಲ್ಲುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ. ಮನೆಯಲ್ಲಿ ಬರೀ ಶ್ರುತಿ ಹಾಕಿ, ರೆಕಾರ್ಡಿಂಗ್ ಇಲ್ಲದೆ ಹಾಡಿಸಿ ನೋಡಿ.

ಇನ್ನೊಂದು, ಗುಂಪಿನಲ್ಲಿ ಎಲ್ಲರಿಗೂ ಒಂದೇ ಶ್ರುತಿ. ಅದು ನಿಮ್ಮ ಮಗುವಿನ ಕಂಠಕ್ಕೆ ಹೊಂದದಿದ್ದರೆ ಮೇಲಿನ ತಾರಸ್ಥಾಯಿಯಲ್ಲಿ ಕಿರುಚುತ್ತದೆ, ಕೆಳಗಿನ ಮಂದ್ರದಲ್ಲಿ ಬರೀ ತುಟಿ ಆಡಿಸುತ್ತದೆ. ಕ್ಲಾಸಿನಿಂದ ಬಂದ ಮೇಲೆ ಪದೇ ಪದೇ ಗಂಟಲು ಕಟ್ಟುತ್ತಿದ್ದರೆ ಮೊದಲು ಈ ಬಗ್ಗೆ ವಿಚಾರಿಸಿ. ದನಿ ಒಡೆಯುವ ವಯಸ್ಸಿನ ಹುಡುಗರ ಪಾಡಂತೂ ಇನ್ನೂ ಕಷ್ಟ. ಸುಮಾರು 12ರಿಂದ 15ರ ನಡುವೆ ದನಿ ಇಳಿಯುತ್ತದೆ, ಇಳಿಯುವಾಗ ಅಲ್ಲಲ್ಲಿ ಒಡೆಯುತ್ತದೆ. ನಿನ್ನೆವರೆಗೆ ಸಲೀಸಾಗಿ ಹಾಡುತ್ತಿದ್ದ ಹುಡುಗ ಎಲ್ಲರ ಮುಂದೆ ಒಮ್ಮೆ ಬಾಯಿಬಿಟ್ಟು ನಗೆಪಾಟಲಾದರೆ ಮತ್ತೆ ಕ್ಲಾಸಿನ ಕಡೆ ತಲೆ ಹಾಕುವುದು ಅನುಮಾನ. ಆ ತಿಂಗಳುಗಳಲ್ಲಿ ಶ್ರುತಿ ಇಳಿಸಿ, ನಿಧಾನವಾಗಿ ಹಾಡಿಸುವ ಪ್ರತ್ಯೇಕ ಪಾಠಕ್ಕೆ ಹಾಕಿ. ಗುಂಪಿಗೆ ಆಮೇಲೆ ಮರಳಬಹುದು.

ವಯಸ್ಸು ಮತ್ತು ಸ್ವಭಾವ

ವಯಸ್ಸು 4ರಿಂದ 6 ಇದ್ದರೆ ಗುಂಪು. ಇದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಹಂಗೇರಿಯ ಸಂಗೀತಗಾರ ಜೊಲ್ತಾನ್ ಕೊದಾಯ್ (1882–1967) ವಾದ್ಯ ಮುಟ್ಟುವ ಮೊದಲು ಮಗು ಎಲ್ಲರ ಜೊತೆ ಹಾಡಬೇಕು ಅನ್ನುತ್ತಿದ್ದರು. ಜರ್ಮನಿಯ ಕಾರ್ಲ್ ಓರ್ಫ್ (1895–1982) ಅವರ ಕ್ರಮದಲ್ಲಿ ಮಕ್ಕಳು ಗುಂಪಾಗಿ ಕುಣಿಯುತ್ತಾ, ಚಪ್ಪಾಳೆ ತಟ್ಟುತ್ತಾ, ಪಟ್ಟಿಗಳಿಗೆ ಕೋಲಿನಿಂದ ಹೊಡೆಯುವ ಸಣ್ಣ ಸಣ್ಣ ಕ್ಸೈಲೋಫೋನ್ ನುಡಿಸುತ್ತಾ ಕಲಿಯುತ್ತಾರೆ. ಆ ವಾದ್ಯದ ಪಟ್ಟಿಗಳನ್ನು ಬಿಡಿಯಾಗಿ ತೆಗೆದಿಡಬಹುದು. ಬೇಕಾದ ಸ್ವರಗಳನ್ನಷ್ಟೇ ಉಳಿಸಿದರೆ ಮಗು ಯಾವುದಕ್ಕೆ ಹೊಡೆದರೂ ಕಿವಿಗೆ ಹಿತವಾಗಿಯೇ ಇರುತ್ತದೆ. ಜಪಾನಿನಲ್ಲಿ ಯಮಾಹಾ ಕಂಪನಿ 1954ರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಶುರು ಮಾಡಿದಾಗಲೂ ಗುಂಪನ್ನೇ ಆರಿಸಿಕೊಂಡಿತು. ಮೂವರ ದಾರಿ ಬೇರೆ ಬೇರೆ, ಆದರೂ ಚಿಕ್ಕವರಿಗೆ ಗುಂಪು ಅನ್ನುವಲ್ಲಿ ಮೂವರೂ ಒಂದೇ. ಈ ವಯಸ್ಸಿನಲ್ಲಿ ಲಯ ಬರುವುದು ಮೈ ಆಡಿಸಿದಾಗ. ಅರ್ಧ ಗಂಟೆ ಒಬ್ಬ ದೊಡ್ಡವರ ಎದುರು ಅಲುಗಾಡದೆ ಕೂರುವುದು ಅವರಿಗೆ ಶಿಕ್ಷೆ.

7ರಿಂದ 10ರವರೆಗೆ ವಾದ್ಯ ನೋಡಿ ತೀರ್ಮಾನಿಸಿ. ಅದಕ್ಕಿಂತ ದೊಡ್ಡವರಾದರೆ ಮಗುವನ್ನೇ ಕೇಳಿ, ಅವರಿಗೇ ಗೊತ್ತಿರುತ್ತದೆ.

ನಾಚಿಕೆ ಸ್ವಭಾವದ ಮಗುವಿಗೆ ಪ್ರತ್ಯೇಕ ಪಾಠ, ಎಲ್ಲರೊಂದಿಗೆ ಬೆರೆಯುವ ಮಗುವಿಗೆ ಗುಂಪು ಅನ್ನುವುದು ತುಂಬಾ ಜನರ ಲೆಕ್ಕ. ನಾನು ಇದನ್ನು ಒಪ್ಪುವುದಿಲ್ಲ. ಪ್ರತ್ಯೇಕ ಪಾಠದಲ್ಲಿ ಅಡಗಿಕೊಳ್ಳುವುದಕ್ಕೆ ಜಾಗವೇ ಇಲ್ಲ. ಅರ್ಧ ಗಂಟೆ ಪೂರ್ತಿ ಒಬ್ಬರ ಕಣ್ಣು, ಕಿವಿ ಎರಡೂ ತನ್ನ ಮೇಲೇ. ಮೆತ್ತಗೆ ಮಾತಾಡುವ ಎಷ್ಟೋ ಮಕ್ಕಳು ನಾಲ್ಕು ಜನರ ಸಣ್ಣ ಗುಂಪಿನಲ್ಲಿ, ಎಲ್ಲರ ದನಿಯ ನಡುವೆ ತಮ್ಮದನ್ನೂ ಸೇರಿಸಿ, ಮೆಲ್ಲಗೆ ಬಾಯಿ ಬಿಡುತ್ತಾರೆ. ಇನ್ನೊಂದು ಕಡೆ, ಗುಂಪಿನಲ್ಲಿ ಎಲ್ಲರನ್ನೂ ನಗಿಸುತ್ತಾ ಕೂರುವ ಚುರುಕು ಮಗು ಒಬ್ಬರೇ ಕೂತಾಗ ಎರಡು ಪಟ್ಟು ಬೇಗ ಕಲಿಯಬಹುದು. ಗಮನ ಒಂದು ಕಡೆ ನಿಲ್ಲದ ಮಗುವಿಗೆ, ಜಾಸ್ತಿ ಸದ್ದನ್ನು ತಡೆದುಕೊಳ್ಳಲಾಗದ ಮಗುವಿಗೆ ಮಾತ್ರ ಪ್ರತ್ಯೇಕ ಪಾಠ ಒಳ್ಳೆಯದು. ಆಗಲೂ 45 ನಿಮಿಷದ ಒಂದು ಪಾಠದ ಬದಲು 20 ನಿಮಿಷದ ಎರಡು ಪಾಠ ಮಾಡುತ್ತಾರಾ ಕೇಳಿ.

ಉಳಿದ ಆರು ದಿನ

ಕ್ಲಾಸು ವಾರಕ್ಕೊಮ್ಮೆ. ಉಳಿದ ಆರು ದಿನ ಮನೆಯಲ್ಲಿ ಏನಾಗುತ್ತದೆ? ಬರ್ಲಿನ್ ನಗರದ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಬಹಳ ಚೆನ್ನಾಗಿ ನುಡಿಸುವವರಿಗೂ ಉಳಿದವರಿಗೂ ಅಲ್ಲಿ ಎದ್ದು ಕಂಡ ವ್ಯತ್ಯಾಸ, ಒಬ್ಬರೇ ಕೂತು ಮಾಡಿದ ಅಭ್ಯಾಸದ ಗಂಟೆಗಳು. ಅದನ್ನು ಯಾವ ಕ್ಲಾಸೂ ಮಗುವಿನ ಬದಲು ಮಾಡಿಕೊಡುವುದಿಲ್ಲ. ಆದರೆ ಆ ಅಭ್ಯಾಸ ತಪ್ಪನ್ನೇ ಗಟ್ಟಿ ಮಾಡುತ್ತಿದೆಯೋ ಸರಿಯಾದದ್ದನ್ನೋ ಅನ್ನುವುದು ಕ್ಲಾಸಿನಲ್ಲಿ ಸಿಕ್ಕ ತಿದ್ದುಪಡಿಯ ಮೇಲೆ ಹೋಗುತ್ತದೆ.

ಹಾಗಾಗಿ ಮನೆಯಲ್ಲಿ ಸಂಗೀತ ತಿಳಿದವರು ಒಬ್ಬರಿದ್ದರೆ ಗ್ರೂಪ್ ಕ್ಲಾಸು ಸಾಕಾಗುತ್ತದೆ, ಉಳಿದ ತಿದ್ದುವ ಕೆಲಸ ಅವರು ಮಾಡುತ್ತಾರೆ. ಯಾರಿಗೂ ಗೊತ್ತಿಲ್ಲದಿದ್ದರೆ ಪ್ರತ್ಯೇಕ ಪಾಠದ ಅಗತ್ಯ ಹೆಚ್ಚು. ಕ್ಲಾಸಿನಲ್ಲಿ ನೀವೂ ಕೂತು, ಮೇಷ್ಟ್ರು ಏನು ತಿದ್ದಿದರು ಅಂತ ಎರಡು ಸಾಲು ಬರೆದುಕೊಂಡರೂ ಅರ್ಧ ಕೆಲಸ ಆಯಿತು. ಪ್ರತ್ಯೇಕ ಪಾಠಕ್ಕೆ ಹಾಕಿ, ಮನೆಯಲ್ಲಿ ವಾದ್ಯವನ್ನೇ ತೆಗೆಯದಿದ್ದರೆ ಮಾತ್ರ ದುಡ್ಡು ಪೂರ್ತಿ ನಷ್ಟ. ಮೇಷ್ಟ್ರ ಎದುರಿನ 30 ನಿಮಿಷವೇ ಅಭ್ಯಾಸ ಆಗಿಬಿಡುತ್ತದೆ. ಅಂಥ ಮಗುವಿಗೆ ಗುಂಪೇ ವಾಸಿ. ಜೊತೆಯವಳು ಮುಂದಿನ ಪಾಠಕ್ಕೆ ಹೋದಳು ಅನ್ನುವುದು ಅಪ್ಪ ಅಮ್ಮನ ಗದರಿಕೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಗುಂಪಿನಲ್ಲಿ ಮಾತ್ರ ಸಿಗುವ ಒಂದು ಪಾಠವೂ ಇದೆ. ಒಬ್ಬರೇ ನುಡಿಸುವಾಗ ತಪ್ಪಿದ ಮಗು ತಕ್ಷಣ ನಿಲ್ಲಿಸಿ ಮೊದಲಿಂದ ಶುರು ಮಾಡುತ್ತದೆ. ಗುಂಪಿನಲ್ಲಿ ಹಾಡು ಯಾರಿಗೂ ಕಾಯುವುದಿಲ್ಲ. ತಪ್ಪಿದರೂ ತಾಳ ಬಿಡದೆ ತಾಳದ ಮುಂದಿನ ಸುತ್ತಿಗೆ (ಆವರ್ತಕ್ಕೆ) ಸೇರಿಕೊಳ್ಳಬೇಕು. ವೇದಿಕೆ ಮೇಲೆ ಬೇಕಾಗುವುದು ಇದೇ. ವೆನೆಜುವೆಲಾದಲ್ಲಿ ಹೊಸೆ ಆಂಟೋನಿಯೊ ಅಬ್ರೆಯು 1975ರಲ್ಲಿ ಶುರು ಮಾಡಿದ ಎಲ್ ಸಿಸ್ಟೆಮಾ ಎಂಬ ಮಕ್ಕಳ ಸಂಗೀತ ಶಿಕ್ಷಣ ಯೋಜನೆ ಇದನ್ನೇ ನಂಬಿ ಬೆಳೆದದ್ದು. ಅಲ್ಲಿ ಮಕ್ಕಳು ಬೇಗನೇ ಆರ್ಕೆಸ್ಟ್ರಾದಲ್ಲಿ ಕೂರುತ್ತಾರೆ, ಸ್ವಲ್ಪ ಕಲಿತವರು ಹೊಸಬರಿಗೆ ಹೇಳಿಕೊಡುತ್ತಾರೆ. ಆದರೆ ಅಲ್ಲಿ ಅಭ್ಯಾಸ ವಾರದಲ್ಲಿ ಹಲವು ದಿನ, ದಿನಕ್ಕೆ ಹಲವು ಗಂಟೆ. ವಾರಕ್ಕೆ 45 ನಿಮಿಷದ ಕ್ಲಾಸನ್ನು ಅದಕ್ಕೆ ಹೋಲಿಸುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಪ್ರತ್ಯೇಕ ಪಾಠದ ತೊಂದರೆಗಳು ಬೇಗ ಕಣ್ಣಿಗೆ ಬೀಳುವುದಿಲ್ಲ. ತನ್ನ ವಯಸ್ಸಿನ ಬೇರೆ ಮಕ್ಕಳು ಹೇಗೆ ನುಡಿಸುತ್ತಾರೆ ಅಂತ ಮಗುವಿಗೂ ಗೊತ್ತಿರುವುದಿಲ್ಲ, ನಿಮಗೂ ಇಲ್ಲ. ಮೇಷ್ಟ್ರಿಗೂ ಮಗುವಿಗೂ ಹೊಂದಲಿಲ್ಲ ಅಂದರೆ ಅಲ್ಲಿ ಬೇರೆ ಆಸರೆಯೇ ಇಲ್ಲ, ಸಂಗೀತವೇ ಬೇಡ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಮಗುವಿನ ಸುರಕ್ಷತೆಯನ್ನಂತೂ ಬಿಡುವ ಹಾಗೇ ಇಲ್ಲ. ಪಾಠ ನಡೆಯುವ ಕೋಣೆಯ ಬಾಗಿಲು ತೆರೆದಿರಬೇಕು ಅಥವಾ ಒಳಗೆ ಕಾಣುವಂತಿರಬೇಕು. ಯಾವಾಗ ಬೇಕಾದರೂ ನೀವು ಒಳಗೆ ಹೋಗಿ ಕೂರುವಂತಿರಬೇಕು. ಇದಕ್ಕೆ ಒಪ್ಪದ ಕಡೆ, ಮೇಷ್ಟ್ರು ಎಷ್ಟು ಹೆಸರಾದವರಾದರೂ, ಸೇರಿಸಬೇಡಿ.

ಆನ್‌ಲೈನ್ ಕ್ಲಾಸಾದರೆ ಚರ್ಚೆಯೇ ಬೇಡ, ಪ್ರತ್ಯೇಕ ಪಾಠ. ಸದ್ದು ಆ ಕಡೆ ತಲುಪುವುದು ಸ್ವಲ್ಪ ತಡವಾಗುವುದರಿಂದ ಇಬ್ಬರು ಒಟ್ಟಿಗೆ ಹಾಡಿದರೆ ತಾಳ ಸೇರುವುದಿಲ್ಲ. ಹಾಗಾಗಿ ಆನ್‌ಲೈನ್ ಗುಂಪಿನಲ್ಲಿ ಮಕ್ಕಳ ಮೈಕ್ ಮ್ಯೂಟ್ ಆಗಿರುತ್ತದೆ, ಅಂದರೆ ಜೊತೆಗೆ ಹಾಡುವ ಲಾಭವೂ ಇಲ್ಲ, ಯಾರಾದರೂ ಕೇಳಿಸಿಕೊಳ್ಳುವ ಲಾಭವೂ ಇಲ್ಲ. ಒಂದು ಸಣ್ಣ ಸಲಹೆ: ವಿಡಿಯೋ ಆ್ಯಪಿನಲ್ಲಿ ಹಿನ್ನೆಲೆ ಸದ್ದು ತಡೆಯುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಎಳೆದು ಹಿಡಿದ ಸ್ವರವನ್ನೂ ತಂಬೂರಿಯನ್ನೂ ಅದು ಗದ್ದಲ ಅಂದುಕೊಂಡು ಅಳಿಸಿಬಿಡುತ್ತದೆ.

ಒಂದು ಕ್ಲಾಸು ಕೂತು ನೋಡಿ

ಫೀಸು ಕಟ್ಟುವ ಮೊದಲು ಪೂರ್ತಿ ಒಂದು ಕ್ಲಾಸು ನೋಡಲು ಬಿಡುತ್ತಾರಾ ಕೇಳಿ. ಗ್ರೂಪ್ ಆದರೆ ಒಂದು ಮಗುವನ್ನು ಮನಸ್ಸಿನಲ್ಲಿ ಗುರುತಿಟ್ಟುಕೊಂಡು, ಅದು ಒಬ್ಬರೇ ಹಾಡಿದ್ದು ಅಥವಾ ನುಡಿಸಿದ್ದು ಮೇಷ್ಟ್ರ ಕಿವಿಗೆ ಎಷ್ಟು ಸಲ ಬಿತ್ತು ಅಂತ ಎಣಿಸಿ. ಒಂದು ಸಲವೂ ಇಲ್ಲದಿದ್ದರೆ ನಿಮ್ಮ ಮಗುವಿನ ಗತಿಯೂ ಅದೇ. ಸರದಿಗೆ ಕಾಯುವವರಿಗೆ ಏನಾದರೂ ಕೆಲಸ ಇದೆಯಾ, ತಾಳ ಹಾಕುವುದೋ ಸಾಹಿತ್ಯ ನೋಡಿಕೊಳ್ಳುವುದೋ? ಮೇಷ್ಟ್ರು ಎದ್ದು ಹೋಗಿ ಕೈ, ಭಂಗಿ ತಿದ್ದುತ್ತಾರಾ, ಕೂತಲ್ಲಿಂದಲೇ ಹೇಳುತ್ತಾರಾ?

ಆಮೇಲೆ ಎರಡು ಪ್ರಶ್ನೆ ಕೇಳಿ. ಈ ಬ್ಯಾಚಿಗೆ ಗರಿಷ್ಠ ಎಷ್ಟು ಮಕ್ಕಳನ್ನು ತಗೊಳ್ಳುತ್ತೀರಿ? ನಡುವೆ ಹೊಸಬರು ಸೇರಿದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ, ಪ್ರತಿ ಎರಡು ತಿಂಗಳಿಗೊಮ್ಮೆ ಎಲ್ಲರೂ ಮೊದಲ ಪಾಠಕ್ಕೆ ವಾಪಸ್ ಹೋಗುವ ಬ್ಯಾಚು ಅದು. ರಜೆ ಆದರೆ ಪ್ರತ್ಯೇಕ ಪಾಠವನ್ನು ಇನ್ನೊಂದು ದಿನಕ್ಕೆ ಹಾಕಿಸಿಕೊಳ್ಳಬಹುದು. ಗುಂಪು ನಿಮ್ಮ ಮಗುವಿಗಾಗಿ ನಿಲ್ಲುವುದಿಲ್ಲ. ಪದೇ ಪದೇ ಊರಿಗೆ ಹೋಗುವ ಮನೆಯವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರತ್ಯೇಕ ಪಾಠವನ್ನು ನೋಡುವಾಗ ಗಮನಿಸಬೇಕಾದ್ದು ಬೇರೆ. ಮೇಷ್ಟ್ರು ಜಾಸ್ತಿ ಮಾತಾಡುತ್ತಾರಾ, ಹಾಡಿ ತೋರಿಸುತ್ತಾರಾ? ಒಂದು ಸಲಕ್ಕೆ ಒಂದೇ ತಪ್ಪನ್ನು ಹಿಡಿದು ತಿದ್ದುತ್ತಾರಾ, ಐದನ್ನೂ ಒಟ್ಟಿಗೆ ಹೇಳಿ ಮಗುವನ್ನು ಕಂಗಾಲು ಮಾಡುತ್ತಾರಾ? ಫೋನ್ ಎಷ್ಟು ಸಲ ನೋಡುತ್ತಾರೆ? ಕೊನೆಯದು ಚಿಲ್ಲರೆ ವಿಷಯ ಅನ್ನಿಸಬಹುದು. ಆದರೆ ನೀವು ದುಡ್ಡು ಕೊಡುತ್ತಿರುವುದೇ ಆ ಗಮನಕ್ಕೆ.

ಎರಡರ ನಡುವೆಯೂ ದಾರಿಗಳಿವೆ. ಇಬ್ಬರು ಮಕ್ಕಳ ಜೋಡಿ ಪಾಠ ಚೆನ್ನಾಗಿರುತ್ತದೆ, ಇಬ್ಬರೂ ಒಂದೇ ಹಂತದಲ್ಲಿದ್ದರೆ. ಅಕ್ಕ ತಮ್ಮನನ್ನು ಜೋಡಿ ಮಾಡುವುದು ನನಗೆ ಇಷ್ಟವಿಲ್ಲ. ಅಕ್ಕ ಬೇಗ ಕಲಿತರೆ ತಮ್ಮ ಬೇಡ ಅನ್ನುತ್ತಾನೆ, ತಮ್ಮ ಬೇಗ ಕಲಿತರೆ ಇಬ್ಬರೂ ಬೇಡ ಅನ್ನುತ್ತಾರೆ. ಇನ್ನೊಂದು ದಾರಿ ಎಂದರೆ ಪ್ರತಿ ವಾರ ಗುಂಪು, ತಿಂಗಳಿಗೆ ಒಂದೋ ಎರಡೋ ಪ್ರತ್ಯೇಕ ಪಾಠ. ಖರ್ಚಿಗೂ ಕಲಿಕೆಗೂ ಹೆಚ್ಚಿನ ಮನೆಗಳಿಗೆ ಇದೇ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಆ ಪ್ರತ್ಯೇಕ ಪಾಠದಲ್ಲಿ ಹೊಸದೇನೂ ಬೇಡ, ಗುಂಪಿನಲ್ಲಿ ಕಲಿತದ್ದನ್ನು ಒಬ್ಬರೇ ಹಾಡಿಸಿ ತಿದ್ದಿ ಅಂತ ಮೊದಲೇ ಹೇಳಿಡಿ.

ಬದಲಿಸುವ ಹೊತ್ತು ಬಂದದ್ದು ಹೇಗೆ ಗೊತ್ತಾಗುತ್ತದೆ? ಗುಂಪಿನಲ್ಲಿರುವ ಮಗು ಎರಡು ತಿಂಗಳಿಂದ ಮನೆಯಲ್ಲಿ ಒಂದೇ ತಪ್ಪನ್ನು ಮಾಡುತ್ತಿದೆ, ಅಥವಾ ಉಳಿದವರಿಗಾಗಿ ಕಾಯುವುದೇ ಆಯಿತು ಅಂತ ಗೊಣಗುತ್ತಿದೆ ಅಂದರೆ ಪ್ರತ್ಯೇಕ ಪಾಠ ನೋಡಿ. ಪ್ರತ್ಯೇಕ ಪಾಠದ ಮಗು ಚೆನ್ನಾಗಿ ನುಡಿಸುತ್ತಿದ್ದರೂ ಕ್ಲಾಸಿನ ದಿನ ಹೊಟ್ಟೆನೋವು ಅನ್ನಲು ಶುರು ಮಾಡಿದರೆ, ಅದಕ್ಕೆ ಬೇಕಿರುವುದು ಜೊತೆ. ಹೊರಡುವ ಮೊದಲು ಈಗಿನ ಮೇಷ್ಟ್ರ ಹತ್ತಿರ ನೇರವಾಗಿ ಮಾತಾಡಿ. ಬ್ಯಾಚು ಬದಲಿಸಿ ಅಥವಾ ಒಂದೆರಡು ಪಾಠ ಜಾಸ್ತಿ ಕೊಟ್ಟು ಅವರೇ ಸರಿ ಮಾಡಬಹುದು. ಬೇರೆ ಕಡೆ ಹೋಗುವುದೇ ಆದರೆ ಮಗು ಎಲ್ಲಿಯವರೆಗೆ ಕಲಿತಿದೆ, ಯಾವ ಶ್ರುತಿಯಲ್ಲಿ ಹಾಡುತ್ತದೆ, ಏನನ್ನು ಇನ್ನೂ ತಿದ್ದಬೇಕು ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸ ಮೇಷ್ಟ್ರು ಮತ್ತೆ ಮೊದಲ ಸರಳೆಯಿಂದ ಶುರು ಮಾಡುವುದು ತಪ್ಪುತ್ತದೆ.